ಯಲಿಗಾರರ ಮನೆಯ ರ‍್ಯಾಚೆಟ್

ನಾನು ಒಂದು ರ‍್ಯಾಚೆಟ್. ಗ್ಯಾರೇಜಿನ ಮುಂದೆ ಹಾದು ಹೋಗುವಾಗ ಒಳಗಿನಿಂದ ‘ಟಿಕ್ ಟಿಕ್ ಟಿಕ್’ ಎಂಬ ಸದ್ದು ನಿಮ್ಮ ಕಿವಿಗೆ ಬಿದ್ದಿರುತ್ತದೆ. ಅದು ನನ್ನ ಜಾತಿಯವರ ದನಿ. ಮೊಳಕ್ಕಿಂತ ಚಿಕ್ಕದಾದ ಉಕ್ಕಿನ ಹಿಡಿಕೆ, ತುದಿಯಲ್ಲಿ ದುಂಡು ತಲೆ, ತಲೆಯಿಂದ ಹೊರಚಾಚಿದ ಚೌಕ ಮೂತಿ. ಇಷ್ಟೇ ನನ್ನ ರೂಪ. ಮೂತಿಗೆ ಸಾಕೆಟ್ ಎಂಬ ಉಕ್ಕಿನ ಬಟ್ಟಲು ಸಿಕ್ಕಿಸಿ ನಟ್ಟಿನ ಮೇಲೆ ಕೂರಿಸಿದರೆ, ಒಂದು ಕಡೆಗೆ ಎಳೆದಾಗ ನಟ್ಟನ್ನು ತಿರುಗಿಸುತ್ತೇನೆ. ಮರಳಿ ತಂದಾಗ ಅದನ್ನು ಬಿಟ್ಟು ಬರಿಗೈಲಿ ಹಿಂದಕ್ಕೆ ಬರುತ್ತೇನೆ. ಯಾವ ಕಡೆಗೆ ಹಿಡಿಯಬೇಕು, ಯಾವ ಕಡೆಗೆ ಬಿಡಬೇಕು ಎಂಬುದನ್ನು ನನ್ನ ಬೆನ್ನ ಮೇಲಿರುವ ಸಣ್ಣ ಕೀಲಿ ಹೇಳುತ್ತದೆ.

ನನ್ನ ಮೊದಲ ನೆನಪೇ ಒಂದು ಪೆಟ್ಟಿನದು. ಪಂಜಾಬಿನ ಯಾವುದೋ ಊರಿನ ಕಾರ್ಖಾನೆಯಲ್ಲಿ, ಕೆಂಪಗೆ ಕಾದ ಉಕ್ಕಿನ ತುಂಡಾಗಿ ನಾನು ಅಚ್ಚಿನ ಮೇಲೆ ಬಿದ್ದಿದ್ದೆ. ಮೇಲಿನಿಂದ ಆಳೆತ್ತರದ ಸುತ್ತಿಗೆ ಇಳಿಯಿತು. ನಾನು ಯಾರು ಎಂದು ತಿಳಿಯುವ ಮೊದಲೇ ನನ್ನ ಆಕಾರ ಮುಗಿದುಹೋಗಿತ್ತು. ಬೆರಗಿನಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಎಣ್ಣೆಯ ತೊಟ್ಟಿಯಲ್ಲಿ ಮುಳುಗಿಸಿದರು. ಆ ಚಳಿ ಇಂದಿಗೂ ನನ್ನ ಮೈಯೊಳಗಿದೆ. ಆಮೇಲೆ ತಲೆಯೊಳಗೆ ಸಣ್ಣ ಹಲ್ಲುಗಳ ಚಕ್ರ ಕೂರಿಸಿದರು, ಹಲ್ಲು ಕಚ್ಚಿ ಹಿಡಿಯುವ ನಾಲಿಗೆ ಇಟ್ಟರು, ಅದರ ಹಿಂದೆ ಸ್ಪ್ರಿಂಗು ಇಟ್ಟು ಸ್ಕ್ರೂ ಬಿಗಿದರು. ನನಗೆ ಮಾತು ಬಂದದ್ದು ಆಗ.

ಅಲ್ಲಿಂದ ಲಾರಿ, ರೈಲು, ಮತ್ತೆ ಲಾರಿ. ಕಣ್ಣು ಬಿಟ್ಟಾಗ ಹುಬ್ಬಳ್ಳಿಯಲ್ಲಿದ್ದೆ, ನದಾಫ್ ಅವರ ಹಾರ್ಡ್‌ವೇರ್ ಅಂಗಡಿಯ ಗಾಜಿನ ಕಪಾಟಿನಲ್ಲಿ.

ನನ್ನ ಪಕ್ಕದಲ್ಲಿ ಇನ್ನೊಂದು ರ‍್ಯಾಚೆಟ್ ಇತ್ತು. ಅದರ ಮೈ ಕನ್ನಡಿಯಂತೆ. ನೋಡಿದವರ ಮುಖ ಅದರಲ್ಲಿ ಕಾಣುತ್ತಿತ್ತು. ಹಿಡಿಕೆಗೆ ಕೆಂಪು ರಬ್ಬರಿನ ಅಂಗಿ ಬೇರೆ. ನಾನು ಮಂಕು ಬೂದಿ ಬಣ್ಣದವ. ಬಂದವರೆಲ್ಲ ಅದನ್ನು ಎತ್ತಿ, ಕೈಯಲ್ಲಿ ತೂಗಿ, ‘ಭಾರ ಐತಿ, ಗಟ್ಟಿ ಇರ್ತದ’ ಎಂದು ಹೇಳಿ ಒಯ್ಯುತ್ತಿದ್ದರು. ಅದು ಹೋದರೆ ಅಂಥದ್ದೇ ಮತ್ತೊಂದು ಬಂದು ಕೂರುತ್ತಿತ್ತು. ನನ್ನನ್ನು ಒರೆಸುವುದನ್ನೂ ನದಾಫ್ ಬಿಟ್ಟಿದ್ದರು. ನಾನು ಅಲ್ಲೇ ಮುದುಕನಾಗುತ್ತೇನೆ ಎಂದುಕೊಂಡಿದ್ದೆ.

ಆಗ ಬಂದವರು ಶಿವಪುತ್ರ ಯಲಿಗಾರ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವರು. ನಿವೃತ್ತ ಡಾಕ್ಟರೊಬ್ಬರಿಂದ ಹಳೆಯ ಕಾರೊಂದನ್ನು ಕೊಂಡು, ರಜೆ ಸಿಕ್ಕಾಗಲೆಲ್ಲ ಮನೆಯಲ್ಲೇ ಅದನ್ನು ಬಿಚ್ಚಿ ಜೋಡಿಸುವ ಹುಚ್ಚು ಅವರಿಗೆ. ಅವರ ಬಳಿ ಇದ್ದ ರ‍್ಯಾಚೆಟ್ ಹಿಂದಿನ ವಾರ ಜಾರಿ, ಬೆರಳ ಗೆಣ್ಣು ಒಡೆದುಕೊಂಡು ಬಂದಿದ್ದರು. ಪಟ್ಟಿ ಸುತ್ತಿದ ಕೈಯಲ್ಲೇ ನನ್ನನ್ನೂ ಕನ್ನಡಿ ಮೈಯವನನ್ನೂ ಎತ್ತಿಕೊಂಡರು.

ಅಂಥ ಆಯ್ಕೆಯನ್ನು ನಾನು ಕಂಡಿರಲಿಲ್ಲ. ಮೊದಲು ಕಣ್ಣು ಮುಚ್ಚಿ ಇಬ್ಬರನ್ನೂ ತಿರುಗಿಸಿದರು. ಕನ್ನಡಿ ಮೈಯವನ ಹಲ್ಲು ದೊಡ್ಡವು. ಒಂದು ಹಲ್ಲಿನಿಂದ ಇನ್ನೊಂದಕ್ಕೆ ಹೋಗಲು ಕೈಯನ್ನು ದೂರ ಎಳೆಯಬೇಕಿತ್ತು. ನನ್ನ ಹಲ್ಲು ಸಣ್ಣವು; ಕೈ ತುಸುವೇ ಸರಿದರೂ ಮುಂದಿನ ಹಲ್ಲು ಸಿಗುತ್ತಿತ್ತು. ಇಕ್ಕಟ್ಟಿನ ಜಾಗದಲ್ಲಿ ಇದೇ ಬೇಕು ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಂಡರು. ಮೂತಿಯನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿ ಸಡಿಲ ಇದೆಯೇ ಎಂದು ನೋಡಿದರು. ಬಟ್ಟಲು ಹಾಕಿ, ನಟ್ಟನ್ನು ಬೆರಳಲ್ಲಿ ಹಗುರವಾಗಿ ಹಿಡಿದು, ಹಿಂದಕ್ಕೆ ಬರುವಾಗ ನಾನು ಅದನ್ನೂ ಎಳೆದುಕೊಂಡು ಬರುತ್ತೇನೆಯೇ ಎಂದು ಪರೀಕ್ಷಿಸಿದರು. ಕೀಲಿಯನ್ನು ಹೆಬ್ಬೆರಳಿಂದ ಅತ್ತಿತ್ತ ಆಡಿಸಿದರು. ತಲೆಯನ್ನು ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿದರು. ನನ್ನ ತಲೆಯನ್ನು ಸ್ಕ್ರೂ ತೆಗೆದು ಬಿಚ್ಚಬಹುದು, ಒಳಗೆ ತೊಳೆದು ಎಣ್ಣೆ ಹಾಕಬಹುದು ಎಂದು ಕಂಡಾಗ ಅವರ ಮುಖ ಅರಳಿತು. ಕನ್ನಡಿ ಮೈಯವನ ತಲೆ ಬಿಚ್ಚುವಂಥದ್ದಲ್ಲ.

ಅಷ್ಟರಲ್ಲಿ ಹೊರಗೆ ಕಾರಿನಲ್ಲಿ ಕಾಯುತ್ತಿದ್ದ ಅವರ ಹೆಂಡತಿ ಇಂದುಮತಿ ಒಳಗೆ ಬಂದರು. ಮದುವೆಗೆ ಹೆಣ್ಣು ನೋಡಲು ಬಂದಾಗಲೂ ನೀವು ಇಷ್ಟು ಹೊತ್ತು ನೋಡಿರಲಿಲ್ಲ ಎಂದು ಮೆಲ್ಲಗೆ ಹೇಳಿದರು. ನದಾಫ್ ನಕ್ಕರು. ಯಲಿಗಾರರು ನನ್ನನ್ನು ಎತ್ತಿ ಅವರ ಮುಂದೆ ಇಟ್ಟು, ಇದು ಎಂದರು.

ನನಗೆ ನಂಬಿಕೆಯೇ ಬರಲಿಲ್ಲ. ಕಾಗದ ಸುತ್ತುತ್ತ ನದಾಫ್ ಹೇಳಿದ ಮಾತೊಂದು ಆಗ ನನ್ನ ಕಿವಿಗೆ ಬಿತ್ತು.

“ಸ್ಟ್ಯಾಂಡ್ ಒಂದು ಜೋಡಿ ಒಯ್ಯಿರಿ ಸರ. ಗಾಡಿ ಎತ್ತಿ ಕೆಳಗ ಹೋಗೋರಿಗೆ ಅದು ಬೀಳದಂಗ ಹಿಡೀಲಿಕ್ಕೆ ಬೇಕಾಗ್ತಾವ.”

“ಮನ್ಯಾಗ ಇಟ್ಟಂಗಿ ಅದಾವಲ್ಲ” ಎಂದರು ಯಲಿಗಾರರು. ಇಟ್ಟಿಗೆಗೆ ಅಲ್ಲಿ ಇಟ್ಟಂಗಿ ಎನ್ನುತ್ತಾರೆ.

ಅವರ ಮನೆ ಊರಾಚೆಯ ಹೊಸ ಬಡಾವಣೆಯಲ್ಲಿತ್ತು. ಸುತ್ತ ಖಾಲಿ ಪ್ಲಾಟುಗಳು, ಅಲ್ಲೊಂದು ಇಲ್ಲೊಂದು ಮನೆ. ಮನೆಗೂ ಕಂಪೌಂಡ್ ಗೋಡೆಗೂ ನಡುವಿನ ಓಣಿಯಂಥ ಜಾಗದಲ್ಲಿ ಕಾರು ನಿಲ್ಲುತ್ತಿತ್ತು. ಅದರ ಹಿಂದೆ ತಗಡಿನ ಪೆಟ್ಟಿಗೆ, ಅದರಲ್ಲಿ ನಾನು. ಹೊಸ್ತಿಲು ದಾಟುವ ಭಾಗ್ಯ ನನಗಿರಲಿಲ್ಲ. ಇಂದುಮತಿಗೆ ಗ್ರೀಸ್ ಎಂದರೆ ಆಗದು. ಒಮ್ಮೆ ಯಲಿಗಾರರು ಚಹಾ ಕುಡಿಯಲು ಹೋಗುವಾಗ ನನ್ನನ್ನು ಕೈಯಲ್ಲಿ ಹಿಡಿದೇ ಒಳಗೆ ಹೋಗಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಇಂದುಮತಿ ಸೆರಗಿನ ತುದಿಯಲ್ಲಿ ನನ್ನನ್ನು ಹಿಡಿದು, ಸತ್ತ ಇಲಿಯನ್ನು ಒಯ್ಯುವ ಹಾಗೆ ಒಯ್ದು ಹೊರಗೆ ಇಟ್ಟರು. ಆಮೇಲೆ ಕಟ್ಟೆಯನ್ನು ಸಾಬೂನು ಹಾಕಿ ತೊಳೆದ ಸದ್ದು ಬಹಳ ಹೊತ್ತು ಕೇಳಿಸಿತು. ನನಗೆ ನಾಚಿಕೆಯಾಗಿತ್ತು.

ಯಲಿಗಾರರ ಕೈಯಲ್ಲಿ ಮಾತ್ರ ನನ್ನ ದಿನಗಳು ಚೆನ್ನಾಗಿದ್ದವು. ಕೆಲಸ ಮುಗಿದ ಮೇಲೆ ಸೀಮೆಎಣ್ಣೆಯಲ್ಲಿ ಒರೆಸಿ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿಡುತ್ತಿದ್ದರು. ಬಿಗಿ ನಟ್ಟೊಂದು ಸಡಿಲಾದರೆ ಯುದ್ಧ ಗೆದ್ದ ರಾಜನ ಹಾಗೆ ನನ್ನನ್ನು ಎತ್ತಿ ಹಿಡಿಯುತ್ತಿದ್ದರು.

ಆ ಭಾನುವಾರ ಬಡಾವಣೆಯ ಹೆಚ್ಚಿನ ಜನ ಒಂದು ಮದುವೆಗೆ ಹೋಗಿದ್ದರು. ಮಧ್ಯಾಹ್ನದ ಊಟ ಮುಗಿಸಿ ಇಂದುಮತಿ ಒಳಗೆ ಮಲಗಿದ್ದರು. ಕಾರಿನ ಕೆಳಗಿನಿಂದ ಏನೋ ಸದ್ದು ಬರುತ್ತಿದೆ ಎಂದು ಯಲಿಗಾರರು ಜ್ಯಾಕ್ ತಂದು ಗೋಡೆಯ ಬದಿಯಿಂದ ಕಾರನ್ನು ಎತ್ತಿದರು. ಜಾಗ ಇಕ್ಕಟ್ಟು, ಜ್ಯಾಕಿನ ಉದ್ದದ ರಾಡು ತಿರುಗುತ್ತಿರಲಿಲ್ಲ. ಅದಕ್ಕೆ ಜ್ಯಾಕಿನ ಸ್ಕ್ರೂ ತುದಿಗೆ ದೊಡ್ಡ ಬಟ್ಟಲು ಹಾಕಿ ನನ್ನಿಂದಲೇ ತಿರುಗಿಸಿದರು. ಗಾಲಿ ಬಿಚ್ಚಿ, ದೂರ ಒಯ್ದು ಇಡಲು ಬೇಸರವಾಗಿ, ಅಲ್ಲೇ ಕಾರಿನ ಅಂಚಿನ ಕೆಳಗೆ ಅರ್ಧ ತೂರಿಸಿ ಮಲಗಿಸಿದರು. ಕಾರಿನ ಹೊಟ್ಟೆಯ ಕೆಳಗೆ ಇಟ್ಟಂಗಿ ಪೇರಿಸಿದರು. ಆಮೇಲೆ ನನ್ನನ್ನು ಹಿಡಿದು ಬೆನ್ನ ಮೇಲೆ ಮಲಗಿ ಒಳಗೆ ಸರಿದರು.

ಬೋಲ್ಟು ತುಕ್ಕು ಹಿಡಿದಿತ್ತು. ಅವರು ಎಳೆದರು, ಬರಲಿಲ್ಲ. ಇನ್ನೂ ಜೋರಾಗಿ ಎಳೆದರು. ನಾನು ಕಚ್ಚಿ ಹಿಡಿದೆ. ಕಾರು ಮೇಲೆ ತುಸು ಹೊಯ್ದಾಡಿತು. ಅವರಿಗೆ ಗೊತ್ತಾಗಲಿಲ್ಲ. ಮೂರನೆಯ ಸಲ ಎರಡೂ ಕೈ ಹಾಕಿ ಎಳೆದರು.

ಇಟ್ಟಂಗಿ ಒಡೆದ ಸದ್ದು ಇಷ್ಟು ಸಣ್ಣದಿರುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಒಣ ರೊಟ್ಟಿ ಮುರಿದ ಹಾಗೆ. ಜ್ಯಾಕು ಮಗ್ಗುಲಾಗಿ ಬಿತ್ತು. ಕಾರು ಇಳಿಯಿತು.

ಹುಟ್ಟಿದಾಗ ಬಿದ್ದ ಸುತ್ತಿಗೆ ಪೆಟ್ಟು ನನಗೆ ನೆನಪಿದೆ ಎಂದೆನಲ್ಲ, ಇದರ ಮುಂದೆ ಅದು ಏನೂ ಅಲ್ಲ. ಅದು ನನ್ನ ಮೇಲೆ ಬಿದ್ದಿತ್ತು. ಇದು ಬಿದ್ದದ್ದು ನನ್ನನ್ನು ಹಿಡಿದ ಮನುಷ್ಯನ ಮೇಲೆ. ಅರ್ಧ ತೂರಿಸಿಟ್ಟ ಗಾಲಿ ಕಾರಿನ ಅಂಚನ್ನು ತಡೆಯಿತು. ಇಲ್ಲದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೂ ಅವರ ಬಲಗೈ, ಭುಜ, ಎದೆಯ ಒಂದು ಭಾಗ ಕಬ್ಬಿಣದ ಕೆಳಗೆ ಸಿಕ್ಕಿಕೊಂಡಿತು. ಉಸಿರು ಹೊರಗೆ ಹೋದದ್ದು ಕೇಳಿಸಿತು. ಒಳಗೆ ಬಂದದ್ದು ಕೇಳಿಸಲು ಬಹಳ ಹೊತ್ತು ಹಿಡಿಯಿತು. ನಾನು ಅವರ ಎಡಗೈಯ ಪಕ್ಕದಲ್ಲಿ ಮಣ್ಣಿನಲ್ಲಿ ಬಿದ್ದಿದ್ದೆ.

ಇಂದುಮತಿ ಓಡಿ ಬಂದರು. ಬಗ್ಗಿ ನೋಡಿ ಹಾಗೆಯೇ ನಿಂತುಬಿಟ್ಟರು. ಆ ಮುಖವನ್ನು ಕೆಳಗಿನಿಂದ ನಾನು ಕಂಡೆ. ಅದರಲ್ಲಿ ಅಳು ಇರಲಿಲ್ಲ, ಏನೂ ಇರಲಿಲ್ಲ. ಆಮೇಲೆ ಗೇಟಿಗೆ ಓಡಿದರು. ನೆರೆಯವರ ಹೆಸರು ಹಿಡಿದು ಕೂಗಿದರು. ಎದುರಿನ ಮನೆಗೆ ಬೀಗ. ಆಚೆಯ ಮನೆಗೂ ಬೀಗ. ಮರಳಿ ಬಂದು ಎರಡೂ ಕೈಯಿಂದ ಕಾರನ್ನು ಎತ್ತಲು ನೋಡಿದರು. ಅದು ಅಲುಗಲಿಲ್ಲ.

“ಇಂದೂ” ಎಂದರು ಯಲಿಗಾರರು. ದನಿ ಎಲ್ಲೋ ಕೆಳಗಿನಿಂದ ಬಂದಂತಿತ್ತು. “ಜ್ಯಾಕ್ ಹಾಕು.”

ಜ್ಯಾಕ್ ಎಂದರೆ ಯಾವುದು ಎಂದು ಅವರು ಕೇಳಲಿಲ್ಲ. ಮಗ್ಗುಲಾಗಿ ಬಿದ್ದಿದ್ದನ್ನು ಎಳೆದುಕೊಂಡರು. ಏರಿಸಿದ ಎತ್ತರದಲ್ಲೇ ಇದ್ದುದರಿಂದ ಅದು ಕಾರಿನ ಕೆಳಗೆ ಹೋಗಲಿಲ್ಲ. ಅದನ್ನು ಮೊದಲು ಇಳಿಸಬೇಕು, ಆಮೇಲೆ ಏರಿಸಬೇಕು. ರಾಡು ಹಾಕಿದರೆ ಗೋಡೆಗೆ ಬಡಿಯುತ್ತಿತ್ತು. ಯಲಿಗಾರರ ಎಡಗೈ ಮಣ್ಣಿನಲ್ಲಿ ತಡಕಾಡಿ ನನ್ನನ್ನು ಮುಟ್ಟಿತು. ಬೆರಳ ತುದಿಯಿಂದ ನೂಕಿದರು. ಸ್ವಲ್ಪ ಸರಿದೆ. ಮತ್ತೆ ನೂಕಿದರು. ಇಂದುಮತಿ ಮಣ್ಣಿನ ಮೇಲೆ ಹೊಟ್ಟೆ ಹಚ್ಚಿ ಮಲಗಿ, ಕೈ ಚಾಚಿ ನನ್ನನ್ನು ಹಿಡಿದುಕೊಂಡರು.

ಈ ಸಲ ಸೆರಗಿನ ತುದಿ ಇರಲಿಲ್ಲ. ಇಡೀ ಅಂಗೈ ಇತ್ತು. ಗ್ರೀಸು, ಮಣ್ಣು, ಬೆವರು ಸೇರಿದ ಆ ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ, ಇವರೇ ನನ್ನನ್ನು ಹೊರಗೆ ಹಾಕಿದವರೇ ಎಂದು ನಾನು ಬೆರಗಾದೆ.

ಜ್ಯಾಕಿನ ತುದಿಯಲ್ಲೇ ಉಳಿದಿದ್ದ ದೊಡ್ಡ ಬಟ್ಟಲಿಗೆ ನನ್ನ ಮೂತಿ ಸಿಕ್ಕಿಸಿ, ಜ್ಯಾಕನ್ನು ಇಳಿಸಿ ತೂರಿಸಿದರು. ಅದರ ಪಾದ ಮೆತ್ತನೆಯ ಮಣ್ಣಿನಲ್ಲಿ ಹುಗಿಯತೊಡಗಿತು. ಇಂದುಮತಿ ಎದ್ದು ಒಳಗೆ ಓಡಿದರು. ದೇವರ ಮುಂದಿನ ಸಾಗುವಾನಿ ಮಣೆ ತಂದರು. ಕುಂಕುಮ ಹಾಗೆಯೇ ಇತ್ತು. ಅದನ್ನು ಜ್ಯಾಕಿನ ಕೆಳಗೆ ಇಟ್ಟು ನನ್ನನ್ನು ಎಳೆದರು. ಟಿಕ್, ಟಿಕ್.

ಜ್ಯಾಕು ಏರಲಿಲ್ಲ. ಇನ್ನೂ ಕುಗ್ಗಿತು.

“ಇಳೀಲಿಕ್ಕೆ ಹತ್ತೇದ, ರೀ. ಏನ್ ಮಾಡ್ಲಿ?”

  ಕಾರಿನ ಕೆಳಗಿನಿಂದ ಒಂದು ಪಿಸುಮಾತು ಬಂತು: “ಬೆನ್ನ ಮ್ಯಾಲಿನ ಕೀಲಿ. ಆ ಕಡೆ ಹಾಕು.”

ಹೆಬ್ಬೆರಳು ಕೀಲಿಯನ್ನು ಹುಡುಕಿತು. ದೂಡಿತು. ನನ್ನ ನಾಲಿಗೆ ಒಳಗೆ ಹೊರಳಿ ಇನ್ನೊಂದು ಕಡೆಯ ಹಲ್ಲು ಹಿಡಿಯಿತು. ಆಮೇಲೆ ನಾವಿಬ್ಬರೂ ಕೆಲಸಕ್ಕೆ ನಿಂತೆವು. ಗೋಡೆಗೂ ಕಾರಿಗೂ ನಡುವೆ ನನಗಿದ್ದ ಜಾಗ ನಾಲ್ಕು ಬೆರಳಿನಷ್ಟು. ಅತ್ತ ಎಳೆದರೆ ಗೋಡೆ, ಇತ್ತ ತಂದರೆ ಬಾಗಿಲು. ಅಂಗಡಿಯಲ್ಲಿದ್ದ ಆ ದೊಡ್ಡ ಹಲ್ಲಿನವ ಅಲ್ಲಿದ್ದಿದ್ದರೆ ಮುಂದಿನ ಹಲ್ಲನ್ನು ಮುಟ್ಟುವ ಮೊದಲೇ ಗೋಡೆಗೆ ಬಡಿಯುತ್ತಿದ್ದ. ನಾನು ಒಂದೊಂದೇ ಹಲ್ಲು ಹಿಡಿದೆ. ಟಿಕ್, ಎಳೆ. ಟಿಕ್, ಎಳೆ. ಇಂದುಮತಿಯ ಗೆಣ್ಣುಗಳು ಗೋಡೆಗೆ ಉಜ್ಜಿ ಸುಲಿದವು. ಅವರು ನಿಲ್ಲಿಸಲಿಲ್ಲ. ಕಾರಿನ ಅಂಚು ಕೂದಲೆಳೆಯಷ್ಟು ಎದ್ದಿತು. ಇನ್ನೂ ಅಷ್ಟು ಎದ್ದಿತು. ಆಗ ಒಳಗೆ ದೊಡ್ಡ ಉಸಿರೊಂದು ಬಂದದ್ದು ಕೇಳಿಸಿತು.

ಇಂದುಮತಿ ಆ ಗಾಲಿಯನ್ನು ಕಾಲಿನಿಂದ ಇನ್ನೂ ಒಳಗೆ ಒತ್ತಿ, ಗಂಡನ ಎಡತೋಳು ಹಿಡಿದು ಎಳೆದರು. ಯಲಿಗಾರರು ಹೊರಗೆ ಬಂದರು. ಇಂದುಮತಿ ಗೋಡೆಗೆ ಒರಗಿ ಕುಳಿತರು. ನಾನು ಇನ್ನೂ ಅವರ ಮುಷ್ಟಿಯಲ್ಲೇ ಇದ್ದೆ. ಹಾಲು ಹಾಕಲು ಬಂದ ಸಿದ್ದಲಿಂಗಪ್ಪ ಆಟೋ ತಂದು ಇಬ್ಬರನ್ನೂ ಆಸ್ಪತ್ರೆಗೆ ಒಯ್ದ. ಆಸ್ಪತ್ರೆಯಲ್ಲಿ ನರ್ಸೊಬ್ಬಳು ಬಹಳ ಪ್ರಯಾಸದಿಂದ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನನ್ನನ್ನು ತೆಗೆದಳು.

ಯಲಿಗಾರರು ಬದುಕಿದರು. ಪಕ್ಕೆಲುಬುಗಳು ಕೂಡಿಕೊಂಡವು. ಬಲಗೈ ಮಾತ್ರ ಸರಿಹೋಗಲಿಲ್ಲ. ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಬರೆಯುವುದೂ ಕಷ್ಟವಾಯಿತು. ಮನೆಗೆ ಬಂದ ಮೇಲೆ ಅವರು ಕಾರಿದ್ದ ಕಡೆಗೆ ಕಿಟಕಿ ತೆರೆಯಗೊಡಲಿಲ್ಲ. ಗಾಡಿಯನ್ನು ಮಾರಿಬಿಡೋಣ, ಪೆಟ್ಟಿಗೆಯನ್ನೂ ಕೊಟ್ಟುಬಿಡೋಣ ಎಂದರು. ನನ್ನ ಕಥೆ ಗುಜರಿಯಲ್ಲಿ ಮುಗಿಯಿತು ಎಂದುಕೊಂಡೆ.

ಇಂದುಮತಿ ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಬಸ್ಸಿನಲ್ಲಿ ಪೇಟೆಗೆ ಹೋಗಿ ಬಂದರು. ನದಾಫ್ ಅವರ ಅಂಗಡಿಯಿಂದ ಕಬ್ಬಿಣದ ಸ್ಟ್ಯಾಂಡುಗಳು ಬಂದಿದ್ದವು. ಸರ್ ಮತ್ತೆ ಕೆಲಸ ಶುರು ಮಾಡಿದರೇ ಎಂದು ನದಾಫ್ ಖುಷಿಯಿಂದ ಕೇಳಿದರಂತೆ. ಇದು ನನಗೆ ಎಂದು ಇವರು ಹೇಳಿದಾಗ ಅವರು ಸುತ್ತುತ್ತಿದ್ದ ಕಾಗದ ಕೈಯಲ್ಲೇ ಉಳಿಯಿತಂತೆ. ಇದನ್ನೆಲ್ಲ ಇಂದುಮತಿ ಆಮೇಲೆ ನಗುತ್ತ ಹೇಳಿದ್ದು. ಆ ದಿನ ನಗು ಇರಲಿಲ್ಲ.

ಆ ದಿನ ಅವರು ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟರು. ಕಾರನ್ನು ಓಣಿಯಿಂದ ಗಟ್ಟಿ ನೆಲದ ಅಂಗಳಕ್ಕೆ ತಳ್ಳಿಸಿದರು. ಜ್ಯಾಕು ಹಾಕಿ ಎತ್ತಿದರು, ಸ್ಟ್ಯಾಂಡ್ ಇಟ್ಟರು, ಕಾರನ್ನು ಕೈಯಿಂದ ನೂಕಿ ನೂಕಿ ನೋಡಿದರು. ಮತ್ತೆ ನೂಕಿದರು. ಆಮೇಲೆ ನನ್ನನ್ನು ಹಿಡಿದು ಕೆಳಗೆ ಮಲಗಿದರು. ಅಂದು ಬರದೆ ಉಳಿದಿದ್ದ ಅದೇ ಬೋಲ್ಟಿಗೆ ನನ್ನನ್ನು ಹಚ್ಚಿದರು.

ಸದ್ದು ಕೇಳಿ ಯಲಿಗಾರರು ಕಿಟಕಿ ತೆರೆದರು. ಕಾರಿನ ಕೆಳಗಿನಿಂದ ಹೆಂಡತಿಯ ಕಾಲು ಕಂಡಿತು. ಬರಿಗಾಲಲ್ಲಿ ಅಂಗಳಕ್ಕೆ ಬಂದರು. ಮುಖ ಬಿಳುಚಿತ್ತು.

“ಹೊರಗ ಬಾ, ಇಂದೂ. ಕೈ ಮುಗೀತೀನಿ, ಬಾ.”

ಇಂದುಮತಿ ಬರಲಿಲ್ಲ. ಒಳಗಿನಿಂದಲೇ, ದನಿ ಏರಿಸದೆ ಹೇಳಿದರು:

“ಈ ರ‍್ಯಾಚೆಟ್ ಆರಸ್ಲಿಕ್ಕೆ ಅರ್ಧ ದಿನ ನಿಂತಿದ್ರಿ ನೀವು. ಕಿವೀಗೆ ಹಚ್ಚಿ ಸದ್ದು ಕೇಳಿದ್ರಿ. ಎದೀ ಮ್ಯಾಲೆ ಗಾಡಿ ನಿಲ್ಲಸ್ಲಿಕ್ಕೆ ಮಾತ್ರ ಮುರಕ ಇಟ್ಟಂಗಿ ಸಾಕಾದ್ವು. ನನ್ನ ನೆನಪ ಆಗ್ಲಿಲ್ಲೇನು ನಿಮಗ?”

ಯಲಿಗಾರರು ಅಂಗಳದ ಕಟ್ಟೆಯ ಮೇಲೆ ಕುಳಿತುಬಿಟ್ಟರು. ನಾನೂ ತಣ್ಣಗಾದೆ. ಅಷ್ಟು ದಿನ ನನ್ನ ಆಯ್ಕೆಯ ಕಥೆಯನ್ನು ನನ್ನ ಹೆಮ್ಮೆಯಾಗಿ ಇಟ್ಟುಕೊಂಡಿದ್ದೆ. ಅದರೊಳಗೆ ಇಂಥದೊಂದು ಗಾಯ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಯಲಿಗಾರರು ಕೇಳಿದರು, ತುಕ್ಕಿಗೆ ಎಣ್ಣೆ ಹಾಕಿದ್ದೀಯಾ ಎಂದು. ಹಾಕಿಲ್ಲ ಎಂದರು ಇಂದುಮತಿ. ಎಣ್ಣೆ ಬಿಟ್ಟು ತುಸು ಕಾಯಿ, ಜೋರು ಮಾಡಬೇಡ ಎಂದರು ಅವರು. ಇಂದುಮತಿ ಕಾಯ್ದರು. ಆಮೇಲೆ ಎಳೆದಾಗ ಬೋಲ್ಟು ಸಣ್ಣಗೆ ಕಿರುಗುಟ್ಟಿ ಸಡಿಲಾಯಿತು. ಕಟ್ಟೆಯ ಮೇಲಿನಿಂದ ಅಳುವ ಸದ್ದು ಬಂತು. ಅವರು ಅತ್ತದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಂದಿನಿಂದ ನಾನು ಇಂದುಮತಿಯವನಾದೆ. ಕಾರು ಮಾರಲಿಲ್ಲ. ನನ್ನ ಜಾಗ ಹೊರಗಿನ ತಗಡಿನ ಪೆಟ್ಟಿಗೆಯಿಂದ ಒಳಗಿನ ಕಪಾಟಿಗೆ ಬದಲಾಯಿತು. ಗಂಡ ಹೇಳುವುದು, ಹೆಂಡತಿ ಮಾಡುವುದು; ಕ್ರಮೇಣ ಹೆಂಡತಿ ಮಾಡುವುದು, ಗಂಡ ನೋಡುವುದು. ಬಡಾವಣೆಯಲ್ಲಿ ಮನೆಗಳು ತುಂಬಿದವು. ಸ್ಕೂಟಿ ನಿಂತರೆ, ಮಿಕ್ಸರಿನ ತಳ ಬಿಚ್ಚಬೇಕಾದರೆ, ಹೆಂಗಸರು ಯಲಿಗಾರರ ಮನೆಗೆ ಬರತೊಡಗಿದರು. ‘ಅಕ್ಕಾರ, ತ್ರಾಸ ಕೊಡ್ತೀವಿ’ ಎಂದು ಸಂಕೋಚದಿಂದ ಬಂದವರು ಹೋಗುವಾಗ ಕೈ ಕಪ್ಪಾಗಿ, ಮುಖ ಬೆಳಗಿ ಹೋಗುತ್ತಿದ್ದರು. ಅವರ ಮುಂದೆ ನನ್ನ ತಲೆ ಬಿಚ್ಚಿ ತೋರಿಸಿ, ಹಲ್ಲು ಹೀಗಿರಬೇಕು, ಮೂತಿ ಅಲುಗಬಾರದು, ಹೊಳಪು ನೋಡಿ ಮರುಳಾಗಬೇಡಿ ಎಂದು ಇಂದುಮತಿ ಹೇಳಿಕೊಡುತ್ತಿದ್ದರು. ನನ್ನ ಒಳಗುಟ್ಟು ಊರಿಗೆಲ್ಲ ಗೊತ್ತಾಯಿತು.

ವಯಸ್ಸು ನನ್ನನ್ನೂ ಬಿಡಲಿಲ್ಲ. ಒಂದು ದಿನ ಬಿಗಿ ನಟ್ಟೊಂದನ್ನು ಎಳೆಯುವಾಗ ನನ್ನ ನಾಲಿಗೆ ಹಲ್ಲಿನಿಂದ ಜಾರಿತು. ಇಂದುಮತಿಯ ಕೈ ಹೋಗಿ ಕಬ್ಬಿಣಕ್ಕೆ ಬಡಿಯಿತು. ನಾನು ಹೌಹಾರಿದೆ. ಜಾರುವವರ ಕಥೆಯನ್ನು ನಾನು ಕೇಳಿದ್ದೆ. ಆ ಪಟ್ಟಿಯಲ್ಲಿ ನನ್ನ ಹೆಸರೂ ಬರುತ್ತದೆ ಎಂದು ಎಣಿಸಿರಲಿಲ್ಲ. ಅವರು ತಲೆ ಬಿಚ್ಚಿ ತೊಳೆದರು, ಸ್ಪ್ರಿಂಗು ಬದಲಿಸಿದರು, ಮತ್ತೆ ಹಾಕಿ ನೋಡಿದರು. ಮತ್ತೆ ಜಾರಿದೆ. ಕನ್ನಡಕ ಏರಿಸಿ ನನ್ನ ಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಿದರು. ತುದಿಗಳು ಸವೆದು ದುಂಡಗಾಗಿದ್ದವು. ಅವರು ಬೇಸರದ ಮಾತು ಏನೂ ಆಡಲಿಲ್ಲ. ಒರೆಸಿ, ಮೊಳೆಯೊಂದಕ್ಕೆ ನೇತುಹಾಕಿ, ಮರುದಿನವೇ ಹೋಗಿ ಹೊಸದೊಂದನ್ನು ತಂದರು.

ಇಷ್ಟು ವರ್ಷದ ನಂಟು ಇಷ್ಟು ಬೇಗ ಮುಗಿಯಿತೇ ಎಂದು ನಾನು ಗೋಡೆಯ ಮೇಲೆ ಮರಗಟ್ಟಿ ನೇತಾಡುತ್ತಿದ್ದೆ.

ಮೊನ್ನೆ ಪಕ್ಕದ ಮನೆಯ ರೇಷ್ಮಾ ತನ್ನ ಸ್ಕೂಟಿಯ ನಟ್ಟು ಬಿಗಿಯಲು ಬಂದಳು. ಹೊಸದು ಅಲ್ಲೇ ಇದ್ದರೂ ಕೈಗೆ ಹತ್ತಿರವಾಗಿದ್ದ ನನ್ನತ್ತ ಕೈ ಚಾಚಿದಳು. ಇಂದುಮತಿ ತಡೆದರು.

“ಅದು ಬ್ಯಾಡವ್ವಾ. ಜಾರ್ತದ. ಅದರ ಕೆಲಸ ಮುಗದದ.”

“ಹಂಗಾರ ಯಾಕ ಇಟ್ಕೊಂಡೀರಿ, ಅಕ್ಕಾರ? ಗುಜರಿಯವ ದಿನಾ ಬರ್ತಾನಲ್ಲ.”

 ಕುರ್ಚಿಯಲ್ಲಿ ಕುಳಿತು ಪೇಪರ್ ಓದುತ್ತಿದ್ದ ಯಲಿಗಾರರು, ಮಡಿಲಲ್ಲಿದ್ದ ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ತೋರಿಸಿದರು.

“ಇದನ್ನೂ ಕೊಡ್ಬೇಕಾಗ್ತದಲ್ಲವಾ, ರೇಷ್ಮಾ.”

ರೇಷ್ಮಾಳಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಮೊದಲು ನಕ್ಕವರು ಇಂದುಮತಿ. ನಗುತ್ತಲೇ ಎದ್ದು ಬಂದು ಗಂಡನ ಆ ಕೈಯನ್ನು ಮಡಿಲಲ್ಲಿ ಮೆಲ್ಲಗೆ ಸರಿಯಾಗಿ ಇಟ್ಟರು. ಆಮೇಲೆ ರೇಷ್ಮಾಳ ಕೈಗೆ ಹೊಸದನ್ನು ಕೊಟ್ಟು, ಯಾವ ಕಡೆ ಎಳೆಯಬೇಕೆಂದು ತೋರಿಸಿದರು.

ನನಗೆ ಪೆಟ್ಟುಗಳು ಹೊಸತಲ್ಲ. ಆದರೆ ಅಂಥ ಮೆಲ್ಲನೆಯ ಪೆಟ್ಟನ್ನು ತಡೆದುಕೊಳ್ಳುವುದು ಹೇಗೆಂದು ನನಗಿನ್ನೂ ತಿಳಿದಿಲ್ಲ. ಕೆಳಗೆ ಹೊಸ ರ‍್ಯಾಚೆಟ್ಟು ಟಿಕ್ ಟಿಕ್ ಎಂದು ಕೆಲಸ ಶುರು ಮಾಡಿತು. ಅದರ ಹಲ್ಲು ಸಣ್ಣವು. ಚೆನ್ನಾಗಿ ಆರಿಸಿದ್ದಾರೆ.